ಹಿಂದೆ ಕೂರುವವರ ತೂಕ

ಅಪ್ಪ ಬಿದ್ದದ್ದು ಓಡುವ ಬೈಕಿನಿಂದಲ್ಲ, ನಿಂತ ಬೈಕಿನಿಂದ. ಸಿಗ್ನಲ್ಲಿನಲ್ಲಿ ಹಸಿರು ಬಂತು, ಮಗಳು ಕ್ಲಚ್ ಬಿಟ್ಟಳು, ಗಾಡಿ ಮುಂದಕ್ಕೆ ಹೋಯಿತು, ಅಪ್ಪ ಹಿಂದೆಯೇ ಉಳಿದ. ಹತ್ತು ಮಾರು ಹೋದ ಮೇಲೆ ಗಾಡಿ ಹಗುರಾದದ್ದು ಗೊತ್ತಾಗಿ ತಿರುಗಿ ನೋಡುತ್ತಾಳೆ, ಅಪ್ಪ ನಡುರಸ್ತೆಯಲ್ಲಿ ಕಾಲು ಚಾಚಿ ಕೂತು, ಎದುರಿಗೆ ಬ್ರೇಕ್ ಹಾಕಿ ನಿಂತ ಬಸ್ಸನ್ನು ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಾನೆ. ಗಾಡಿಯನ್ನು ಅಲ್ಲೇ ಕೆಡವಿ ಓಡಿದಳು. ಮೊಣಕೈ ತರಚಿತ್ತು, ಪ್ಯಾಂಟು ಹರಿದಿತ್ತು, ಅಷ್ಟೇ. ಆದರೆ ಸುತ್ತ ಸೇರಿದವರು ಸುಮ್ಮನಿರುತ್ತಾರೆಯೇ? “ವಯಸ್ಸಾದವರನ್ನ ಹೀಗಾ ಕೂರಿಸ್ಕೊಂಡು ಹೋಗೋದು?” ಎಂದು ಒಬ್ಬ, “ಹಗ್ಗದಲ್ಲಿ ಕಟ್ಕೋಬೇಕಿತ್ತು ಕಣ್ರೀ” ಎಂದು ಇನ್ನೊಬ್ಬ. ಬುದ್ಧಿ ಹೇಳುವುದಕ್ಕೆ ಲೈಸೆನ್ಸ್ ಬೇಡವಲ್ಲ, ಎಲ್ಲರೂ ಹೇಳಿದರು. ಕೈಕೊಟ್ಟು ಎಬ್ಬಿಸಲು ಇಳಿದು ಬಂದವನು ಮಾತ್ರ ಬಸ್ಸಿನ ಡ್ರೈವರ್ ಒಬ್ಬನೇ.

ಮಗಳಿಗೆ ಆಗ ಮೂವತ್ತೊಂಬತ್ತು ವರ್ಷ. ದಿನಾ ಹದಿನಾಲ್ಕು ಕ್ಲಿನಿಕ್ಕುಗಳನ್ನು ಸುತ್ತಿ, ಜನರ ರಕ್ತದ ಶೀಷೆಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಕ್ಲಿನಿಕ್ಕಿನವರು ಅವಳನ್ನು ಕರೆಯುತ್ತಿದ್ದದ್ದೇ ‘ರಕ್ತದಕ್ಕ’ ಎಂದು. ಮೊದಮೊದಲು ಮುಖ ಸಿಂಡರಿಸುತ್ತಿದ್ದಳು, ಆಮೇಲೆ ತಾನೇ ಫೋನಿನಲ್ಲಿ “ನಾನು ರಕ್ತದಕ್ಕ, ಕೆಳಗೆ ನಿಂತಿದ್ದೀನಿ” ಎನ್ನತೊಡಗಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ “ಗಾಡಿ ನಿಲ್ಲಿಸೋಕೆ ಜಾಗ ಸಿಗ್ಲಿಲ್ಲ” ಎಂದು ಹೇಳಿ ಕಿಕ್ ಹೊಡೆದು ಹೊರಟುಬಿಡುವ ಹೆಣ್ಣು. ಮನೆಯಲ್ಲಿ ಅವಳು ಕುಳ್ಳಿ. ಚಿಕ್ಕವಳಿದ್ದಾಗ ಅಪ್ಪ ಇಟ್ಟ ಹೆಸರು. ಈಗ ಅಪ್ಪನಿಗಿಂತ ಎರಡು ಬೆರಳು ಎತ್ತರವಾಗಿದ್ದಳು, ಹೆಸರು ಮಾತ್ರ ಹಾಗೇ ಇತ್ತು.

ಅಪ್ಪ ನಲವತ್ತು ವರ್ಷ ಬೈಕುಗಳಿಗೆ ಕೈಯಲ್ಲೇ ಮಡ್‌ಗಾರ್ಡ್ ಬಡಿದು ಕೊಟ್ಟವನು. ಊರಿಗೆಲ್ಲ ‘ಮಡ್‌ಗಾರ್ಡ್ ಮೇಸ್ತ್ರಿ’. ಎರಡು ವರ್ಷದಿಂದ ಅವನಿಗೆ ಮರೆವು ಹಿಡಿದಿತ್ತು. ಮೊದಲು ಕನ್ನಡಕ ಎಲ್ಲಿಟ್ಟೆ ಎಂಬ ಮರೆವು, ಅದು ಯಾರಿಗಿಲ್ಲ ಹೇಳಿ? ಆಮೇಲೆ ಊಟ ಮಾಡಿದ್ದು ಮರೆಯಿತು, ನಲ್ಲಿ ಮುಚ್ಚುವುದು ಮರೆಯಿತು, ಮನೆಯ ದಾರಿ ಮರೆಯಿತು. ಆರು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯನ್ನು “ಎಲ್ಲಿಗೆ ಹೋದ್ಲು, ಇನ್ನೂ ಬರಲಿಲ್ವಲ್ಲ” ಎಂದು ಕೇಳತೊಡಗಿದ. ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸುವುದಕ್ಕೆ ಆಗದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇಷ್ಟೆಲ್ಲ ಹೋದರೂ ಮಗಳೊಬ್ಬಳು ಅವನ ತಲೆಯಿಂದ ಜಾರಿರಲಿಲ್ಲ. ಕೆಲಸ ಮುಗಿಸಿ ಅವಳು ಒಳಗೆ ಕಾಲಿಟ್ಟರೆ ಸಾಕು, “ಕುಳ್ಳಿ, ಬಂದ್ಯಾ?” ಎನ್ನುತ್ತಿದ್ದ. ಆ ಒಂದು ಮಾತಿನ ಮುಖ ನೋಡಿಕೊಂಡು ಅವಳು ಬಾಕಿಯದನ್ನೆಲ್ಲ ಸಹಿಸಿದ್ದಳು. ಇದೊಂದು ಉಳಿದರೆ ಸಾಕು, ಬೇರೆ ಏನು ಹೋದರೂ ಹೋಗಲಿ ಎಂದುಕೊಂಡಿದ್ದಳು.

ಅಣ್ಣ ಇದ್ದದ್ದು ಬೇರೆ ಊರಿನಲ್ಲಿ. ಕೆಟ್ಟವನಲ್ಲ, ತಿಂಗಳು ತಿಂಗಳು ಔಷಧಿಯ ಖರ್ಚು ಕಳಿಸುತ್ತಿದ್ದ. ಆದರೆ ಅಪ್ಪ ಒಮ್ಮೆ ಬಾಗಿಲು ತೆರೆದುಕೊಂಡು ಹೋಗಿ ರೈಲು ಹಳಿಯ ಪಕ್ಕ ಸಿಕ್ಕ ದಿನದಿಂದ ಒಂದೇ ಹಟ ಹಿಡಿದಿದ್ದ: ತನ್ನ ಊರಿನಲ್ಲಿ ಇಂಥವರಿಗೆಂದೇ ಇರುವ ಮನೆಯಲ್ಲಿ ಸೇರಿಸೋಣ. ಬೀಗ ಹಾಕಿದ ಗೇಟು, ನರ್ಸುಗಳು, ತಿಂಗಳಿಗೆ ಎರಡು ಭಾನುವಾರ ಭೇಟಿ. ತಂಗಿ ಒಪ್ಪಲಿಲ್ಲ. ಇಲ್ಲೇ ಆರು ಕಿಲೋಮೀಟರ್ ದೂರದಲ್ಲಿ ಹಗಲು ಹೊತ್ತು ನೋಡಿಕೊಳ್ಳುವ ಡೇ ಕೇರ್ ಇದೆ, ಬೆಳಿಗ್ಗೆ ಬಿಟ್ಟು ಸಂಜೆ ಕರೆತರುತ್ತೇನೆ, ಅಪ್ಪ ನನ್ನ ಜೊತೆಯೇ ಇರುತ್ತಾನೆ ಎಂದಳು. ಆಟೋದಲ್ಲಿ ಹೋದರೆ ಅರ್ಧ ಸಂಬಳ ಆಟೋದವನಿಗೇ. ಬಸ್ಸಿನಲ್ಲಿ ಅಪ್ಪ ಯಾರು ಇಳಿದರೆ ಅವರ ಹಿಂದೆ ಇಳಿದುಬಿಡುತ್ತಿದ್ದ. ಉಳಿದದ್ದು ಬೈಕು. ಬೈಕಿನಲ್ಲಿ ಹೋಗಿ ನೋಡಿದರೆ ಹೀಗಾಯಿತು.

“ಈ ತಿಂಗಳ ಕೊನೇ ಶನಿವಾರದ ತನಕ ನೋಡ್ತೀನಿ” ಎಂದ ಅಣ್ಣ ಫೋನಿನಲ್ಲಿ. “ಅಪ್ಪ ನಿನ್ನ ಗಾಡೀಲಿ ನೆಟ್ಟಗೆ ಕೂತು ಹೋಗೋ ಹಾಗಾದ್ರೆ ಇಲ್ಲೇ ಇರ್ಲಿ, ನಾನು ತುಟಿ ಬಿಚ್ಚಲ್ಲ. ಆಗ್ಲಿಲ್ಲ ಅಂದ್ರೆ ಮಾರನೇ ದಿನ ಭಾನುವಾರ ಕಾರು ತಗೊಂಡು ಬರ್ತೀನಿ. ಬಸ್ಸಿನ ಕೆಳಗೆ ಹೋಗಿದ್ರೆ ಏನ್ ಗತಿ, ನೀನೇ ಹೇಳು.”

ಫೋನು ಜೇಬಿಗೆ ಹಾಕಿ ಅವಳು ಅಂಗಳಕ್ಕೆ ಇಳಿದಳು.

ಗಾಡಿಯನ್ನು ನಿಲ್ಲಿಸಿಕೊಂಡು ಅದರ ಹಿಂಭಾಗವನ್ನು ನೋಡುತ್ತ ಕೂತಳು. ಕಂಪನಿಯವರು ಕೊಟ್ಟ ಪ್ಲಾಸ್ಟಿಕ್ ಮಡ್‌ಗಾರ್ಡು ಬಿರುಕು ಬಿಟ್ಟಿತ್ತು, ಸೀಟು ಅಂಗೈ ಅಗಲ, ಹಿಂದೆ ಒರಗಲು ಏನೂ ಇಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಒರಗು ಸಾವಿರದ ಎಂಟುನೂರಕ್ಕೆ ಬರುತ್ತಿತ್ತು. ಅದನ್ನು ಕಚ್ಚಿಸಬೇಕಾದ್ದು ಅದೇ ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗೆ. ಅಪ್ಪ ಒಮ್ಮೆ ಬೆನ್ನು ಕೊಟ್ಟರೆ ಅಪ್ಪನೂ ಹೋದ, ಒರಗೂ ಹೋಯಿತು. ಪಕ್ಕಕ್ಕೆ ಸೈಡ್‌ಕಾರಿನ ತೊಟ್ಟಿ ಜೋಡಿಸಿದ ಗಾಡಿಯ ಬೆಲೆ ಕೇಳಿ ನಕ್ಕುಬಿಟ್ಟಳು, ಅದರಲ್ಲಿ ಇನ್ನೊಂದು ಬೈಕೇ ಬರುತ್ತಿತ್ತು. ಆಗಬೇಕಾದ್ದು ಇಷ್ಟು: ಗಟ್ಟಿ ತಗಡಿನ ಅಗಲದ ಮಡ್‌ಗಾರ್ಡು, ಅದನ್ನು ಹೊರುವ ಪೈಪು, ಅದರ ಮೇಲೆ ಅಗಲದ ಸೀಟು, ಒರಗು, ಎರಡು ಪಕ್ಕ ಹಿಡಿಯಲು ಕಂಬಿ. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಬೇಕು. ಅವಳ ಕೈಯಲ್ಲಿದ್ದದ್ದು ಒಂಬತ್ತೂವರೆ ಸಾವಿರ. ದವಡೆ ಹಲ್ಲಿಗೆ ಕ್ಯಾಪು ಹಾಕಿಸಲೆಂದು ಎತ್ತಿಟ್ಟದ್ದು. ಎಡಗಡೆ ಅಗಿದರಾಯಿತು, ಹಲ್ಲು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಳು.

ಮಾಡಿಸುವುದಾದರೆ ಜಾಗ ಒಂದೇ, ಬಾಚಣಿಗೆಯ ಶೆಡ್ಡು. ಬಾಚಣಿಗೆ ಎಂದರೆ ಅಪ್ಪನ ಕೈಕೆಳಗೆ ಇಪ್ಪತ್ತು ವರ್ಷ ಕೆಲಸ ಕಲಿತು, ಅಪ್ಪ ಬಿಟ್ಟ ಮೇಲೆ ಶೆಡ್ಡನ್ನು ನಡೆಸುತ್ತಿದ್ದವನು. ಸೇರಿದಾಗ ಅವನಿಗೆ ಹೆಗಲ ಮೇಲೆ ಬೀಳುವಷ್ಟು ಕೂದಲಿತ್ತಂತೆ, ಜೇಬಿನಲ್ಲಿ ಸದಾ ಬಾಚಣಿಗೆ; ಈಗ ತಲೆ ನುಣ್ಣಗೆ ಹೊಳೆಯುತ್ತಿತ್ತು. ಮನೆಯಿಂದ ಶೆಡ್ಡಿಗೆ ಎಂಟು ನಿಮಿಷದ ನಡಿಗೆ. ನೋಡಿದರೆ ಸಂಕಟಪಡುತ್ತಾನೆಂದು ಎರಡು ವರ್ಷದಿಂದ ಅಪ್ಪನನ್ನು ಆ ಬೀದಿಗೇ ಕರೆದೊಯ್ದಿರಲಿಲ್ಲ. ಈಗ ಒಂದು ವಾರ ರಜೆ ಹಾಕಿ, ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕಡೆ ಬಾಚಣಿಗೆ ಕಳಿಸಿದ ಆಳು ತಳ್ಳುತ್ತಿದ್ದ ಗಾಡಿ, ಹೀಗೆ ಸೋಮವಾರ ಬೆಳಿಗ್ಗೆ ಶೆಡ್ಡಿಗೆ ಬಂದಳು.

ಅಪ್ಪ ಒಳಗೆ ಕಾಲಿಟ್ಟವನೇ ಮೂಗೆತ್ತಿ ಕಾದ ಕಬ್ಬಿಣದ ವಾಸನೆ ಹಿಡಿದ. ಗೋಡೆಯ ಮೊಳೆಯಲ್ಲಿದ್ದ ಏಪ್ರನ್ ತೆಗೆದು ಕಟ್ಟಿಕೊಂಡ. ಮೂಲೆಯ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಕೂತ. ಗಾಡಿಯನ್ನು ನೋಡಿದ, ಆಮೇಲೆ ಮಗಳನ್ನು ನೋಡಿದ.

“ಹೇಳೀಮ್ಮಾ, ಏನಾಗ್ಬೇಕು?”

“ಅಪ್ಪಾ, ತಮಾಷೆ ಸಾಕು” ಎಂದು ಅವಳು ನಕ್ಕಳು.

ಅಪ್ಪನ ಮುಖ ಸಣ್ಣಗಾಯಿತು. ತಾನು ಎಲ್ಲೋ ಬರಬಾರದ ಜಾಗಕ್ಕೆ ಬಂದವನ ಹಾಗೆ ಸುತ್ತ ನೋಡಿ, ಏಪ್ರನ್ನಿನ ದಾರ ಬಿಚ್ಚಲು ಹೋದ. ಬೆನ್ನ ಹಿಂದೆ ನಿಂತಿದ್ದ ಬಾಚಣಿಗೆ ಕೈ ಆಡಿಸಿ ಸನ್ನೆ ಮಾಡಿದ: ಹೇಳು, ಗಿರಾಕಿಯ ಹಾಗೆ ಹೇಳು.

“ಹಿಂದಿನ ಮಡ್‌ಗಾರ್ಡ್ ಮಾಡಿಸ್ಬೇಕಿತ್ತು, ಮೇಸ್ತ್ರಿ” ಎಂದಳು.

ಅಪ್ಪನ ಬೆನ್ನು ನೆಟ್ಟಗಾಯಿತು. ಎರಡು ವರ್ಷದಿಂದ ಕುರ್ಚಿಯಲ್ಲಿ ಬಟ್ಟೆಯ ಗಂಟಿನ ಹಾಗೆ ಬಿದ್ದಿರುತ್ತಿದ್ದ ಮನುಷ್ಯ! ಎದ್ದು ಗಾಡಿಯ ಸುತ್ತ ಎರಡು ಸುತ್ತು ಬಂದ, ಹಳೆಯ ಮಡ್‌ಗಾರ್ಡನ್ನು ಬೆರಳಿನಿಂದ ಬಡಿದು “ಥೂ, ಇದು ಪ್ಲಾಸ್ಟಿಕ್ ಬಕೀಟು” ಎಂದು ಉಗಿದ.

“ಮೋಟು ಮಾಡ್ಲಾ, ಪೂರ್ತಿ ಮಾಡ್ಲಾ? ಈಗಿನವರು ಅರ್ಧಕ್ಕೆ ಕತ್ತರಿಸಿದ್ದೇ ಬೇಕು ಅಂತಾರೆ. ಮಳೆ ಬಂದಾಗ ಬೆನ್ನೆಲ್ಲ ಕೆಸರು ಮಾಡ್ಕೊಂಡು ಬಂದು ನನ್ನ ಬೈತಾರೆ.”

“ಪೂರ್ತಿನೇ ಮಾಡಿ.”

“ಹಿಂದೆ ಯಾರಾದ್ರೂ ಕೂರ್ತಾರಾ?”

“ನಮ್ಮಪ್ಪ.”

“ವಯಸ್ಸು?”

“ಎಪ್ಪತ್ನಾಲ್ಕು.”

“ಅಯ್ಯೋ ಪಾಪ, ಮುದುಕರು” ಎಂದ ಎಪ್ಪತ್ತನಾಲ್ಕರ ಅಪ್ಪ. “ಹಾಗಾದ್ರೆ ಅಗಲ ಬೇಕು, ಒರಗು ಬೇಕು. ಅಂಚಿಗೆ ತಂತಿ ಸುತ್ತಿ ಮಡಿಸ್ತೀನಿ, ಬಟ್ಟೆ ಹರಿಯಲ್ಲ. ಎಲ್ಲಾ ಸೇರಿ ನೂರ ಎಂಬತ್ತು. ಚೌಕಾಸಿ ಇಲ್ಲ.”

ಬಾಚಣಿಗೆ ಗೋಡೆಯ ಕಡೆ ತಿರುಗಿಕೊಂಡು ಹೆಗಲು ಕುಣಿಸುತ್ತಿದ್ದ. ಅವಳಿಗೂ ಹುಮ್ಮಸ್ಸು ಬಂತು. “ನೂರೈವತ್ತು ಮಾಡ್ಕೊಳ್ಳಿ ಮೇಸ್ತ್ರಿ” ಎಂದಳು.

“ನೂರೈವತ್ತಕ್ಕೆ ಆ ಬಕೀಟನ್ನೇ ಇಟ್ಕೊಳ್ಳಿ!” ಎಂದು ಅಪ್ಪ ಗುಡುಗಿದ. ಅವನ ಕಣ್ಣಿನಲ್ಲಿ ಎಂಥ ಸಂತೋಷ! ಆ ಕಣ್ಣನ್ನು ನೋಡಿದ ಯಾವ ಮಗಳೂ ಆಟ ನಿಲ್ಲಿಸುತ್ತಿರಲಿಲ್ಲ. ಹಾಗಾಗಿ ಅವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ನಿಜವಾದ ಲೆಕ್ಕ ಶೆಡ್ಡಿನ ಹೊರಗೆ ನಡೆಯಿತು. ಬಾಚಣಿಗೆ ಒಂದು ರಟ್ಟಿನ ಚೂರಿನ ಮೇಲೆ ಬರೆದ: ತಗಡು ಸಾವಿರದ ಆರುನೂರು, ಪೈಪು ಕಂಬಿ ಸಾವಿರದ ಒಂಬೈನೂರು, ವೆಲ್ಡಿಂಗ್ ಸಾವಿರದ ಇನ್ನೂರು, ಬಣ್ಣ ಸಾವಿರದ ಎಂಟುನೂರು, ಸೀಟು ಎರಡು ಸಾವಿರದ ನಾನೂರು, ಕೂಲಿ ಮೂರು ಸಾವಿರ. ಹನ್ನೊಂದು ಸಾವಿರದ ಒಂಬೈನೂರು. ಅವಳು ಪೆನ್ನು ಕಸಿದುಕೊಂಡು ಕೂತಳು. ಸೀಟಿನೊಳಗೆ ಮನೆಯ ಹಳೆ ಸೋಫಾದ ಸ್ಪಂಜು ಹಾಕಿದರೆ ಸಾವಿರದ ನೂರು ಉಳಿಯಿತು. ಹೊಳೆಯುವ ಬಣ್ಣ ಬಿಟ್ಟು ಬರೀ ಕಪ್ಪು ಎಂದರೆ ಒಂಬೈನೂರು. ಇನ್ನೂ ನಾನೂರು ಹೆಚ್ಚಿತ್ತು.

“ತಗಡು ಒಂದು ನಂಬರ್ ತೆಳ್ಳಗಿದ್ದು ಹಾಕಿದ್ರೆ ಮಾಮ?”

“ಅದೊಂದು ಬೇಡ ಕಣಮ್ಮ. ಹೊರೋದು ಮೇಸ್ತ್ರೀನ. ನಾನು ಕೂಲಿನೇ ತಗೊಳಲ್ಲ ಬಿಡು.”

“ಕೂಲಿ ಬಿಟ್ರೆ ನಾನು ಗಾಡಿ ತಳ್ಕೊಂಡು ವಾಪಸ್ ಹೋಗ್ತೀನಿ.”

ಕೊನೆಗೆ ಕೂಲಿಯಲ್ಲಿ ನಾನೂರು ಮಾತ್ರ ಕಳೆದರು. ಒಂಬತ್ತೂವರೆಗೆ ಸರಿಯಾಗಿ ನಿಂತಿತು.

ಒಳಗೆ ಬಂದರೆ ಅಪ್ಪ ತಕರಾರು ಹೂಡಿ ಕೂತಿದ್ದ. “ನಿಮ್ಮಪ್ಪನ್ನ ಕರ್ಕೊಂಡು ಬನ್ನಿ. ಕೂರೋರು ಕೂರದೆ ನಾನು ಹಿಂದಿನ ಮಡ್‌ಗಾರ್ಡಿನ ಅಳತೆ ತೆಗೆಯಲ್ಲ.” ಅದು ಅವನ ಹಳೆಯ ಕಟ್ಟುನಿಟ್ಟು. ಹಿಂದೆ ಕೂರುವವರು ಕೂತಾಗ ಸ್ಪ್ರಿಂಗು ಕುಗ್ಗುತ್ತದೆ, ಚಕ್ರ ಮೇಲೆ ಬರುತ್ತದೆ. ಆಗಲೂ ಚಕ್ರಕ್ಕೂ ತಗಡಿಗೂ ನಡುವೆ ಮೂರು ಬೆರಳು ಆಡಬೇಕು. ಖಾಲಿ ಗಾಡಿಗೆ ಅಳತೆ ತೆಗೆದವನು ಕಸುಬಿನವನೇ ಅಲ್ಲ ಎನ್ನುತ್ತಿದ್ದ.

“ಅವರಿಗೆ ಆರಾಮಿಲ್ಲ ಮೇಸ್ತ್ರಿ” ಎಂದಳು. “ನಿಮ್ಮಷ್ಟೇ ಮೈಕಟ್ಟು. ನೀವೇ ಕೂತ್ಬಿಡಿ.”

“ಅಳತೆ ತೆಗೆಯೋನು ನಾನು. ನಾನು ಮೇಲೆ ಕೂತ್ರೆ ಕೆಳಗೆ ಬಗ್ಗಿ ನೋಡೋರು ಯಾರು, ನಿಮ್ಮ ತಾತನಾ?”

ಹಾಗೆಂದವನೇ ಪಕ್ಕದ ಗುಜರಿ ಅಂಗಡಿಗೆ ನಡೆದು ತಕ್ಕಡಿಯ ಮೇಲೆ ನಿಂತ. ಅರವತ್ತೊಂದು ಕಿಲೋ. ಅಷ್ಟೇ ತೂಕದ ಕಬ್ಬಿಣದ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿಸಿ, ಸೀಟಿನ ಮೇಲೆ ಕಟ್ಟಿಸಿದ. ಮಗಳನ್ನು ಮುಂದೆ ಕೂರಿಸಿದ. ಅಂಗಾತ ಮಲಗಿ ಚಕ್ರದ ಮೇಲೆ ಬೆರಳಿಟ್ಟು ನೋಡುತ್ತ, ಚೀಲ ಸ್ವಲ್ಪ ವಾಲಿದರೆ “ಯಜಮಾನ್ರೇ, ಅಲುಗಾಡ್ಬೇಡಿ, ಎರಡೇ ನಿಮಿಷ” ಎಂದು ಅದಕ್ಕೆ ಹೇಳುತ್ತಿದ್ದ. ಬಾಚಣಿಗೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅವಳೂ ನಕ್ಕಳು. ಬೆನ್ನಿಗೆ ತಗುಲುತ್ತಿದ್ದ ಚೀಲ ತಣ್ಣಗಿತ್ತು.

ಸಂಜೆ ಇಬ್ಬರೂ ಮನೆಗೆ ನಡೆದು ಬಂದರು. ಗೇಟಿನ ಹತ್ತಿರ ಅಪ್ಪ ನಿಂತು ಕೈ ಮುಗಿದ. “ನಮ್ಮನೆ ಬಂತಮ್ಮ. ನಾಳೆ ಬನ್ನಿ, ತಗಡು ಕತ್ತರಿಸ್ತೀನಿ.” ಅವಳ ಮುಖದ ಮೇಲೆಯೇ ಗೇಟು ಹಾಕಿಕೊಂಡು ಹೋದ. ಒಂದು ನಿಮಿಷ ಬೀದಿಯಲ್ಲೇ ನಿಂತಳು. ಆಮೇಲೆ ಪಕ್ಕದ ಓಣಿಯಲ್ಲಿ ಬಳಸಿ ಹೋಗಿ, ಅಡುಗೆಮನೆಯ ಹಿಂಬಾಗಿಲು ತೆರೆದುಕೊಂಡು ಒಳಗೆ ಬಂದಳು. “ಕುಳ್ಳಿ, ಯಾವಾಗ ಬಂದೆ?” ಎಂದ ಅಪ್ಪ. “ಇವತ್ತು ಒಬ್ಬಳು ಗಿರಾಕಿ ಬಂದಿದ್ಲು ಕಣೇ. ಜಿಪುಣಿ. ಆದ್ರೆ ಅಪ್ಪನ ಮೇಲೆ ಪ್ರಾಣ.”

ಅವಳು ಬಿದ್ದೂ ಬಿದ್ದೂ ನಕ್ಕಳು. ಮುಂದಿನ ಗೇಟಿಗೆ ಗಿರಾಕಿ, ಹಿಂಬಾಗಿಲಿಗೆ ಮಗಳು. ಇದೇನು ದೊಡ್ಡ ಕಷ್ಟ, ಅರ್ಧ ಓಣಿ ಹೆಚ್ಚು ನಡೆದರಾಯಿತು ಎಂದುಕೊಂಡಳು. ಮಂಗಳವಾರವೂ ಹಾಗೇ ಆಯಿತು, ಬುಧವಾರವೂ ಹಾಗೇ ಆಯಿತು.

ಶೆಡ್ಡಿನಲ್ಲಿ ಕೆಲಸ ಸಾಗುತ್ತಿತ್ತು. ಅಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿದ, ತಗಡಿನ ಮೇಲೆ ಗೀಚಿದ, ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ಬಡಿದ. ಒಂದೇ ಜಾಗವನ್ನು ಮೂರು ಸಲ ಬಡಿದು ಹಳ್ಳ ಮಾಡಿದ್ದೂ ಉಂಟು. ಅವನು ಊಟಕ್ಕೆ ಎದ್ದಾಗ ಬಾಚಣಿಗೆ ಸದ್ದಿಲ್ಲದೆ ಸರಿಮಾಡಿ ಇಡುತ್ತಿದ್ದ. ಆದರೆ ಅಂಚು ಮಡಿಸುವಾಗ ಮಾತ್ರ ಯಾರೂ ಕೈ ಹಾಕಬೇಕಾಗಲಿಲ್ಲ. ತಂತಿಯ ಮೇಲೆ ತಗಡನ್ನು ಅವನು ಹೊರಳಿಸುತ್ತ ಹೋದ ರೀತಿ ನೋಡಿ ಬಾಚಣಿಗೆ, “ನನಗೆ ಇಪ್ಪತ್ತು ವರ್ಷದಲ್ಲಿ ಇಷ್ಟು ಬರಲಿಲ್ಲ” ಎಂದ. ಅವಳು ಗಿರಾಕಿಗಳ ಬೆಂಚಿನ ಮೇಲೆ ಕೂತು ದಿನವಿಡೀ ನೋಡಿದಳು. ನಡುನಡುವೆ ಅಪ್ಪ ಕೇಳುತ್ತಿದ್ದ: “ನಿಮ್ಮಪ್ಪ ಹೇಗಿದ್ದಾರೆ? ಊಟ ಮಾಡ್ತಾರಾ?” “ಮಾಡ್ತಾರೆ ಮೇಸ್ತ್ರಿ.” “ನಿಮ್ಮನ್ನ ಬೈತಾರಾ?” “ಇಲ್ಲ, ಒಳ್ಳೆಯವರು.” “ಅದೃಷ್ಟ ಮಾಡಿದ್ದೀರಿ ಬಿಡಿ.”

ಗುರುವಾರ ಸಂಜೆ ಓಣಿ ಬಳಸಿ ಬಂದು ಹಿಂಬಾಗಿಲು ತೆರೆದಳು. ಅಪ್ಪ ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ.

“ಏನಮ್ಮ, ಇಲ್ಲಿಗೂ ಬಂದ್ರಾ? ನಾಳೆ ಬನ್ನಿ ಅಂದ್ನಲ್ಲ.”

“ಅಪ್ಪ, ನಾನು” ಎಂದಳು. ಅವನು ಒಳ್ಳೆಯ ಮಾತಿನಲ್ಲೇ ಬಾಗಿಲ ತನಕ ಬಂದು, ಹುಷಾರಾಗಿ ಹೋಗಿ ಎಂದು ಅವಳನ್ನು ಕಳಿಸಿಕೊಟ್ಟ. ಅವತ್ತು ಅವಳು ಮತ್ತೆ ಮುಂಬಾಗಿಲಿನಿಂದ ಬಂದಳು, ಚಪ್ಪಲಿ ಸದ್ದು ಮಾಡಿಕೊಂಡು ಬಂದಳು, ಅಮ್ಮನ ಹಳೆ ಸೀರೆ ಉಟ್ಟುಕೊಂಡೂ ಬಂದಳು. ಪ್ರತಿ ಸಲವೂ ಅಪ್ಪ ಮರ್ಯಾದೆಯಿಂದ ಎದ್ದು ನಿಂತ. ಊಟ ಬಡಿಸಿದಳು. “ನಿಮಗ್ಯಾಕೆ ತೊಂದರೆ” ಎನ್ನುತ್ತ ಉಂಡ.

ಶುಕ್ರವಾರ ಬಾಚಣಿಗೆಯ ಮುಂದೆ ಅವಳು ಅತ್ತೇಬಿಟ್ಟಳು. “ಸಾಕು ಮಾಮ. ಇವತ್ತು ಹೇಳಿಬಿಡ್ತೀನಿ.” ಹೋಗಿ ಸ್ಟೂಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವನ ಕೈ ಹಿಡಿದು, “ಅಪ್ಪ, ನೋಡು, ನಾನು ಕುಳ್ಳಿ. ಗಿರಾಕಿ ಅಲ್ಲ. ನಿನ್ನ ಮಗಳು” ಎಂದಳು. ಅಪ್ಪ ಅವಳ ಮುಖ ನೋಡಿದ. ಸುತ್ತಿಗೆ ನೋಡಿದ. ಮಡ್‌ಗಾರ್ಡು ನೋಡಿದ. ಅವನ ಗದ್ದ ನಡುಗಿತು. “ಹಾಗಾದ್ರೆ ಇದು ಯಾರದು?” ಎಂದ. “ನಾನ್ಯಾಕೆ ಇಲ್ಲಿದ್ದೀನಿ?” ಎಂದ. ಉಸಿರು ಮೇಲೆ ಕೆಳಗೆ ಆಗತೊಡಗಿತು, ಎದ್ದು ಬಾಗಿಲ ಕಡೆ ಓಡಲು ನೋಡಿದ, ಬಾಚಣಿಗೆ ತಬ್ಬಿ ಹಿಡಿದುಕೊಂಡ. ಅವಳು ಹೆದರಿ ಓಡಿ ಅವನ ಎದುರಿಗೆ ಬಂದಳು.

“ಇಲ್ಲ ಇಲ್ಲ ಮೇಸ್ತ್ರಿ, ಬಾಯಿ ತಪ್ಪಿ ಬಂತು. ಮಡ್‌ಗಾರ್ಡು ನಂದೇ. ನಮ್ಮಪ್ಪನಿಗೆ.”

ಅಪ್ಪ ನಿಧಾನವಾಗಿ ಸ್ಟೂಲಿಗೆ ಮರಳಿದ. ಸುತ್ತಿಗೆ ಕೈಗೆ ಬಂದ ಮೇಲೆ ನಡುಕ ನಿಂತಿತು. ಅವಳು ಬೆಂಚಿಗೆ ಹೋಗಿ ಕೂತಳು. ಇನ್ನೊಂದೇ ದಿನ ಎಂದುಕೊಂಡಳು. ಇದು ಮುಗಿದು, ಈ ಸ್ಟೂಲು ಸುತ್ತಿಗೆ ಕಣ್ಣಿನಿಂದ ದೂರವಾದರೆ, ದಿನಾ ಬೆನ್ನ ಹಿಂದೆ ಕೂತು ಹೋಗುತ್ತಿದ್ದರೆ, ತಾನಾಗಿ ನೆನಪಾಗುತ್ತೇನೆ.

ಶನಿವಾರ ಹನ್ನೊಂದಕ್ಕೆ ಎಲ್ಲ ಮುಗಿಯಿತು. ಕಪ್ಪು ಬಣ್ಣ ಒಣಗಿತ್ತು. ಅಗಲದ ಮಡ್‌ಗಾರ್ಡು ಚಕ್ರವನ್ನು ಒಂದೇ ಬಾಗಿನಲ್ಲಿ ಅಪ್ಪಿಕೊಂಡು ಕೆಳಗಿನವರೆಗೆ ಇಳಿದಿತ್ತು, ಮೇಲೆ ಮೆತ್ತನೆ ಸೀಟು, ಬೆನ್ನಿಗೆ ಒರಗು, ಎರಡೂ ಪಕ್ಕ ಕಂಬಿ. ಅಪ್ಪ ಮತ್ತೊಮ್ಮೆ ಗೋಣಿಚೀಲ ಕಟ್ಟಿಸಿ, ಮಲಗಿ, ಬೆರಳು ತೂರಿಸಿ ನೋಡಿದ. ಮೂರು ಬೆರಳು ಸಲೀಸಾಗಿ ಆಡಿದವು. ಇದಕ್ಕಿಂತ ಚೆಂದದ ಕೆಲಸವನ್ನು ಆ ಶೆಡ್ಡು ಕಂಡಿರಲಿಲ್ಲ.

ಚೀಲ ಇಳಿಸಿ, ಗಾಡಿ ಸ್ಟಾರ್ಟ್ ಮಾಡಿ ಅವಳು ತಿರುಗಿದಳು. “ಹತ್ತಿ ಮೇಸ್ತ್ರಿ, ಒಂದು ಸುತ್ತು ಹೋಗಿ ಬರೋಣ.”

“ನಾನಾ? ಛೆ ಛೆ!”

“ಹೇಗಾಗಿದೆ ಅಂತ ನೋಡ್ಬೇಕಲ್ಲ ಮೇಸ್ತ್ರಿ” ಎಂದ ಬಾಚಣಿಗೆ.

“ಲೋ ಬಾಚಣಿಗೆ, ನಲವತ್ತು ವರ್ಷದಲ್ಲಿ ನಾನು ಯಾವತ್ತಾದ್ರೂ ಇನ್ನೊಬ್ಬರ ಸೀಟಿನ ಮೇಲೆ ಕೂತಿದ್ದೀನಾ? ಇದು ಇವರಪ್ಪಂದು. ಮೊದಲು ಅವರೇ ಕೂರ್ಬೇಕು. ಹೋಗಿ ಕರ್ಕೊಂಡು ಬನ್ನಿ ತಾಯಿ, ನಾನು ಕಾಯ್ತೀನಿ.”

ಬೇಡಿಕೊಂಡರು, ಗದರಿದರು, ಬಾಚಣಿಗೆ ಎತ್ತಿ ಕೂರಿಸಲೂ ನೋಡಿದ. ಅಪ್ಪ ಕಂಬಿ ಹಿಡಿದು ಕಾಲು ನೆಲಕ್ಕೆ ಒತ್ತಿ ನಿಂತುಬಿಟ್ಟ. ಆ ಮುದಿ ದೇಹದಲ್ಲಿ ಅಷ್ಟು ಬಲ ಎಲ್ಲಿತ್ತೋ. ಆಮೇಲೆ ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡು ಬೀದಿಯನ್ನೇ ನೋಡುತ್ತ ಕೂತ. ಎರಡು ಗಂಟೆಗೆ ಅಣ್ಣನ ಫೋನು ಬಂತು. “ಕೂತ್ನೇನೇ?” “ಕೂರ್ತಾನೆ” ಎಂದಳು. “ಕೂತ್ನಾ, ಕೂರ್ತಾನಾ?” ಎಂದ ಅಣ್ಣ. ಅವಳು ಫೋನು ಇಟ್ಟಳು.

ಆಗ ಅವಳು ಆ ಮಾತು ಆಡಿದಳು. ಯೋಚಿಸಿ ಆಡಿದ್ದಲ್ಲ, ದಾರಿ ಕಾಣದೆ ಬಾಯಿಗೆ ಬಂದದ್ದು. ಅಪ್ಪನ ಮುಂದೆ ನಿಂತು ಹೇಳಿದಳು:

“ನಮ್ಮಪ್ಪ ಬರಲ್ಲ ಮೇಸ್ತ್ರಿ. ಅವರು ಹೋಗ್ಬಿಟ್ರು. ಆ ಸೀಟು ಈಗ ಯಾರದೂ ಅಲ್ಲ. ನೀವು ಕೂತ್ಕೋಬಹುದು.”

ಅಪ್ಪ ಸ್ಟೂಲಿನಿಂದ ಎದ್ದ. ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಳ್ಳತೊಡಗಿದ, ಒರೆಸಿದಷ್ಟೂ ಕಣ್ಣೀರು ಬಂತು. “ಆರು ದಿನ ಎಳೆದೆ ನಾನು” ಎಂದ. “ಅಂಚು, ತಂತಿ, ಚೆಂದ ಅಂತ ಕೂತೆ. ಎರಡು ದಿನದಲ್ಲಿ ಮುಗಿಸಿದ್ರೆ ಅವರು ಒಂದು ಸಲನಾದ್ರೂ ಕೂತಿರೋರು.” ಹಣೆಯನ್ನು ಅಂಗೈಯಿಂದ ಬಡಿದುಕೊಂಡ. ಬಾಚಣಿಗೆ ಅವನ ಕೈ ಹಿಡಿದುಕೊಂಡು ತಾನೂ ಅಳುತ್ತಿದ್ದ. ಸೀಟಿನ ಮಾತನ್ನು ಇನ್ನು ಯಾರೂ ಎತ್ತುವ ಹಾಗಿರಲಿಲ್ಲ.

ಅವಳು ಹೊರಗೆ ಬಂದು ಅಣ್ಣನಿಗೆ ಮೆಸೇಜು ಹಾಕಿದಳು: ನಾಳೆ ಕಾರು ತಗೊಂಡು ಬಾ. ಎರಡು ಸಲ ತಪ್ಪು ತಪ್ಪಾಗಿ ಒತ್ತಿ, ಮೂರನೇ ಸಲ ಸರಿಯಾಗಿ ಬರೆದಳು. ಒಂಬತ್ತೂವರೆ ಸಾವಿರ ಬಾಚಣಿಗೆಯ ಮೇಜಿನ ಮೇಲಿಟ್ಟಳು. ಗಾಡಿಯ ಹತ್ತಿರ ನಿಂತಳು. ಎದೆ ಒಡೆದುಹೋಗುವುದು ಎಂದರೆ ಏನೆಂದು ಅವಳಿಗೆ ಅವತ್ತು ಗೊತ್ತಾಯಿತು. ಆದರೂ ಮನುಷ್ಯ ನಿಂತೇ ಇರುತ್ತಾನೆ, ಬೀಳುವುದಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಒರೆಸಿಕೊಂಡು ಹೊರಗೆ ಬಂದ. ಅವಳ ಹತ್ತಿರ ಬಂದು, ಯಾರೂ ಕೇಳಿಸಿಕೊಳ್ಳದ ಹಾಗೆ ದನಿ ತಗ್ಗಿಸಿದ.

“ನೀವು ಗಾಡೀಲಿ ಊರೆಲ್ಲಾ ಸುತ್ತೋರು. ಒಂದು ಉಪಕಾರ ಮಾಡ್ತೀರಾ?”

“ಹೇಳಿ.”

“ನನಗೂ ಒಬ್ಬಳು ಮಗಳಿದ್ದಾಳೆ. ದಿನಾ ತಪ್ಪದೆ ಬರೋಳು. ಈಗ ಎರಡು ಮೂರು ದಿನದಿಂದ ಮನೆಗೇ ಬಂದಿಲ್ಲ. ನನ್ನಿಂದ ಏನಾಯ್ತೋ, ಗೊತ್ತಿಲ್ಲ. ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ, ನಿಮ್ಮಪ್ಪನ ಹಾಗಲ್ಲ, ಅವಳಪ್ಪ ಇನ್ನೂ ಇದ್ದಾನೆ ಅಂತ. ಬಂದು ನೋಡ್ಕೊಂಡು ಹೋಗು ಅಂತ.”

ಅವಳು ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಹೇಳ್ತೀನಿ ಮೇಸ್ತ್ರಿ” ಎಂದಳು.